ಯೂಸುಫ್ ಮಾಸ್ತರರು ಸೋತ ದಿನ

ಟ್ರಂಪೆಟ್ಟು ಕೈಗೆ ಬಂದ ಕೂಡಲೇ ಮೊದಲು ಅದನ್ನು ಮೂಸಿ ನೋಡಬೇಕು. ಬಾಯಿಗಿಡುವ ತುದಿಯನ್ನು ಬಿಚ್ಚಿ ಕೊಳವೆಗೆ ಮೂಗು ಹಿಡಿದರೆ ಊದುವವನ ಅರ್ಧ ಚರಿತ್ರೆ ತಿಳಿಯುತ್ತದೆ. ಜರ್ದಾ ಹಾಕುವವನೋ, ಏಲಕ್ಕಿ ಜಗಿಯುವವನೋ, ಉಂಡು ಬಾಯಿ ಮುಕ್ಕಳಿಸದೆ ಮೆರವಣಿಗೆಗೆ ನಿಲ್ಲುವವನೋ, ಎಲ್ಲವೂ. ಕೊಳವೆ ಯಾಕೆ ಕೊಳೆತಿದೆ, ಒಳಗೆ ಏನು ಗಟ್ಟಿಯಾಗಿದೆ ಎಂಬುದನ್ನು ಕಣ್ಣಿಗಿಂತ ಮೊದಲು ಮೂಗು ಹೇಳುತ್ತದೆ. ಇದು ಅಸಹ್ಯ ಅನ್ನಿಸುವವರು ಬೇರೆ ಕೆಲಸ ನೋಡಿಕೊಳ್ಳುವುದು ಒಳ್ಳೆಯದು.

ಹೈದರಾಬಾದಿನ ಬೇಗಂ ಬಜಾರಿನ ಪಾತ್ರೆ ಅಂಗಡಿಗಳ ಸಾಲು ಮುಗಿಯುವ ಕಡೆ, ಇಬ್ಬರು ಮಲಗುವಷ್ಟು ಅಗಲದ ಒಂದು ಮಳಿಗೆಯಲ್ಲಿ ನಾನು ಬ್ಯಾಂಡಿನ ವಾದ್ಯಗಳನ್ನು ರಿಪೇರಿ ಮಾಡುತ್ತಿದ್ದೆ. ಕಣ್ಣು ಕೈಕೊಟ್ಟ ಮೇಲೆ ಮುಚ್ಚಿದೆ. ಈಗ ಶಾಲೆಗಳಲ್ಲೆಲ್ಲ ಬ್ಯಾಂಡು ಬಂದಿರುವುದರಿಂದ ಈ ಕೆಲಸಕ್ಕೆ ಮತ್ತೆ ಜನ ಬೇಕಾಗಿದ್ದಾರಂತೆ. ಹೊಸದಾಗಿ ಕೆಲಸ ಹಿಡಿದ ಇಬ್ಬರು ನನ್ನನ್ನು ಹುಡುಕಿಕೊಂಡು ಬಂದು, ಹೇಗಿತ್ತು ಹೇಳಿ ಅಂದರು. ಎದುರಿಗೆ ಕೂತು ಹೇಳುವುದು ನನ್ನಿಂದ ಆಗದ ಮಾತು. ಅದಕ್ಕೆ ಬರೆಯುತ್ತಿದ್ದೇನೆ. ಅವರು ಕೇಳಿದ್ದು ಹತಾರಗಳ ವಿಷಯ. ಅದನ್ನೂ ಬರೆಯುತ್ತೇನೆ. ಆದರೆ ಹೇಳಲೇಬೇಕಾದದ್ದು ಬೇರೆ ಇದೆ.

ನಮ್ಮದು ರಾಯಚೂರು ಜಿಲ್ಲೆಯ ಮಾನ್ವಿ ಕಡೆ. ಮನೆತನದ ಕಸುಬು ಹಿತ್ತಾಳೆ ತಾಮ್ರದ ಪಾತ್ರೆಗೆ ತಟ್ಟಿ ಆಕಾರ ಕೊಡುವುದು. ನನ್ನ ಸೋದರಮಾವ ಕಾಳಪ್ಪ ನನಗಿಂತ ಮೊದಲು ಹೈದರಾಬಾದಿಗೆ ಬಂದವನು. ಕೊಡ ಹಂಡೆಗಳ ನೆಗ್ಗು ತೆಗೆಯುತ್ತಿದ್ದವನ ಮುಂದೆ ಒಂದು ದಿನ ಯಾರೋ ನೆಗ್ಗಿದ ಟ್ರಂಪೆಟ್ಟು ಇಟ್ಟರಂತೆ. ಅಲ್ಲಿಂದ ಪಾತ್ರೆ ಬಿಟ್ಟು ಅದನ್ನೇ ಹಿಡಿದ. ನನಗೆ ಅವನೇ ಗುರು, ಅವನೇ ಮಾಲೀಕ. ಬೈಯುತ್ತಿರಲಿಲ್ಲ. ಕೆಲಸ ಸರಿಯಿಲ್ಲದಿದ್ದರೆ ವಾದ್ಯವನ್ನು ಸುಮ್ಮನೆ ನನ್ನ ಕಡೆ ತಳ್ಳುತ್ತಿದ್ದ. ಒಂದೇ ಗಂಟೆಯನ್ನು, ಅಂದರೆ ಟ್ರಂಪೆಟ್ಟಿನ ಅಗಲ ಬಾಯಿಯನ್ನು, ಹನ್ನೊಂದು ಸಲ ತಳ್ಳಿದ್ದುಂಟು. ಹನ್ನೆರಡನೆಯ ಸಲ ತಳ್ಳಲಿಲ್ಲ. ಅದೇ ಶಹಬ್ಬಾಸ್‌ಗಿರಿ.

ಆಗಿನ ವಿಧಾನವೆಂದರೆ ಇದ್ದಿಲ ಒಲೆ, ಊದುಗೊಳವೆ, ಬೆಸುಗೆ. ಬಾಗಿದ ಕೊಳವೆಯೊಳಗಿನ ನೆಗ್ಗು ತೆಗೆಯಲು ಉಕ್ಕಿನ ಗುಂಡುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಒಂದೊಂದಾಗಿ ಒಳಗೆ ಓಡಿಸುತ್ತಿದ್ದೆವು. ಆಮೇಲೆ ಗ್ಯಾಸಿನ ಬರ್ನರ್ ಬಂತು, ಕೆಲಸ ಬೇಗ ಆಗತೊಡಗಿತು. ಅದರ ಹಿಂದೆಯೇ ಹೊರದೇಶದ ಅಗ್ಗದ ಟ್ರಂಪೆಟ್ಟುಗಳು ಬಂದವು. ಕನ್ನಡಿಯ ಹಾಗೆ ಹೊಳೆಯುತ್ತಿದ್ದವು, ಒಮ್ಮೆ ಬೆಂಕಿ ತೋರಿಸಿದರೆ ಹಪ್ಪಳದ ಹಾಗೆ ಮುದುರುತ್ತಿದ್ದವು. ಅಂಥವನ್ನು ಒಪ್ಪಿಕೊಳ್ಳಬೇಡಿ. ಅದು ಹೊಸಬರು ಮಾಡುವ ಮೊದಲ ತಪ್ಪು.

ವಿಚಿತ್ರ ಕೇಸುಗಳೂ ಬರುತ್ತಿದ್ದವು. ಮದುಮಗನ ಕುದುರೆ ತುಳಿದ ಟ್ರಂಪೆಟ್ಟೊಂದು ರೊಟ್ಟಿಯ ಹಾಗೆ ಚಪ್ಪಟೆಯಾಗಿ ಬಂತು. ಅದನ್ನು ಮತ್ತೆ ದುಂಡಗೆ ಮಾಡಲು ಒಂದು ವಾರ ಹಿಡಿಯಿತು, ಆದರೆ ಅದರ ಧ್ವನಿ ಮಾತ್ರ ಶೀತವಾದವನ ಮಾತಿನಂತೆ ಉಳಿಯಿತು. ಇನ್ನೊಬ್ಬ ತನ್ನ ಟ್ರಂಪೆಟ್ಟಿಗೆ ಯಾರೋ ಮಾಟ ಮಾಡಿಸಿದ್ದಾರೆ, ಎಷ್ಟು ಊದಿದರೂ ಸ್ವರ ಏರುತ್ತಿಲ್ಲ ಅಂದ. ಬಿಚ್ಚಿ ನೋಡಿದರೆ ಮದುವೆಗಳಲ್ಲಿ ತೂರಿದ ಅಕ್ಷತೆ ಒಳಗೆ ಬಿದ್ದು ಎಂಜಲಿಗೆ ನೆನೆದು ಕೂತಿತ್ತು. ಅರಿಶಿನದ ಮುದ್ದೆ ತೆಗೆದು ತೋರಿಸಿದೆ. ಅವನು ನಂಬಲಿಲ್ಲ. ಮಾಟದವರು ಅದನ್ನು ಅಕ್ಷತೆಯಾಗಿ ಬದಲಿಸಿದ್ದಾರೆ ಅಂದ.

ಈ ಕೆಲಸದಲ್ಲಿ ಒಬ್ಬಂಟಿತನ ಜಾಸ್ತಿ. ಬ್ಯಾಂಡಿನವರು ಗುಂಪಾಗಿ ಇರುತ್ತಾರೆ. ರಿಪೇರಿಯವನು ಗುಂಪಿನವನಲ್ಲ. ಸರಿಯಾಗಿದೆಯೇ ಎಂದು ನೋಡಲು ನಾಲ್ಕು ಸ್ವರ ಊದುತ್ತಾರೆ, ಕೇಳುವ ಆಸೆ ಹುಟ್ಟುವಷ್ಟರಲ್ಲಿ ಎತ್ತಿಕೊಂಡು ಹೊರಡುತ್ತಾರೆ. ಪೂರ್ತಿ ಹಾಡು ಮದುವೆಯ ಬೀದಿಯಲ್ಲಿ ಇನ್ಯಾರಿಗೋ. ಅದೆಷ್ಟು ಮದುವೆಗಳ ವಾದ್ಯ ಸರಿಮಾಡಿಕೊಟ್ಟೆನೋ, ನಾನು ಮಾತ್ರ ಮದುವೆಯಾಗಲಿಲ್ಲ. ಮಾವ ಸತ್ತ ಮೇಲೆ ನನ್ನ ಪರವಾಗಿ ಹೆಣ್ಣು ಕೇಳುವವರು ಇರಲಿಲ್ಲ, ಆಮೇಲೆ ವಯಸ್ಸು ಹೋಯಿತು. ಹಗಲೆಲ್ಲ ಗಿರಾಕಿಗಳೊಂದಿಗೆ ಉರ್ದು, ತೆಲುಗು. ಭಾನುವಾರ ಕಾಚಿಗೂಡ ಸ್ಟೇಷನ್ನಿಗೆ ಹೋಗಿ ನಮ್ಮ ಕಡೆಯ ಗಾಡಿ ಬರುವ ಹೊತ್ತಿಗೆ ಪ್ಲಾಟ್‌ಫಾರಂ ಬೆಂಚಿನ ಮೇಲೆ ಕೂರುತ್ತಿದ್ದೆ. ಇಳಿಯುವ ಜನ ಗಂಟುಮೂಟೆ ಎಣಿಸುತ್ತ, ಮಕ್ಕಳನ್ನು ಕೂಗುತ್ತ ಹೋಗುತ್ತಿದ್ದರು. ಆ ಕನ್ನಡ ಕಿವಿಗೆ ಬೀಳಿಸಿಕೊಂಡು ವಾಪಸು ಬರುತ್ತಿದ್ದೆ.

ಆ ಒಬ್ಬಂಟಿತನಕ್ಕೆ ಔಷಧಿಯಾಗಿದ್ದುದು ಅಂಗಡಿಯ ಮುಂದಿನ ಬೆಂಚು. ಮದುವೆಯಿಲ್ಲದ ದಿನಗಳಲ್ಲಿ ಮಧ್ಯಾಹ್ನ ಬ್ಯಾಂಡಿನವರು ಅಲ್ಲಿ ಬಂದು ಕೂರುತ್ತಿದ್ದರು. ಮುಖ್ಯವಾಗಿ ಇಬ್ಬರು: ನಮ್ಮ ಕಡೆಯವನೇ ಆದ, ದೊಡ್ಡ ಡೋಲು ಹೊಡೆಯುವ ಮಲ್ಲಪ್ಪ, ಮತ್ತು ಕ್ಲಾರಿನೆಟ್ ಊದುವುದನ್ನು ಬಿಟ್ಟಿದ್ದ ಮುದುಕ ಸತ್ತಯ್ಯ. ವರ್ಷಗಟ್ಟಲೆ ಅಲ್ಲಿ ನಡೆದ ವಾದ ಒಂದೇ. ಈ ಊರಿನಲ್ಲಿ ಎಲ್ಲರಿಗಿಂತ ದೊಡ್ಡ ಟ್ರಂಪೆಟ್ ವಾದಕ ಯಾರು?

ಲೆಕ್ಕಕ್ಕೆ ಬರುವವರು ಇಬ್ಬರೇ, ಇಬ್ಬರೂ ಸ್ವಂತ ಬ್ಯಾಂಡು ನಡೆಸುವ ಮಾಸ್ತರರು. ಒಬ್ಬರು ನರ್ಸಿಂಗ್ ಮಾಸ್ತರ್. ದೊಡ್ಡ ಎದೆ, ದೊಡ್ಡ ಮೀಸೆ. ಪಟಾಕಿ ಸರದ ಸದ್ದಿನ ಮೇಲೂ ಅವರ ಸ್ವರ ಎರಡು ಬೀದಿ ಆಚೆ ಕೇಳುತ್ತಿತ್ತು. ಇನ್ನೊಬ್ಬರು ಯೂಸುಫ್ ಮಾಸ್ತರ್. ಸಣ್ಣ ಆಳು, ಮೆತ್ತಗಿನ ಮಾತು. ಅವರ ತಂದೆಯ ಊರು ಲಿಂಗಸುಗೂರು, ಹಾಗಾಗಿ ನನ್ನ ಸಂಗಡ ಕನ್ನಡದಲ್ಲೇ ಮಾತಾಡುತ್ತಿದ್ದರು. ಟ್ರಂಪೆಟ್ಟಿಗೆ ಮೂರು ವಾಲ್ವು, ಅಂದರೆ ಬೆರಳಿಂದ ಒತ್ತಿದರೆ ಕೆಳಗಿಳಿದು ಬಿಟ್ಟರೆ ಮೇಲೇಳುವ ಮೂರು ಗುಂಡಿಗಳು. ಎಲ್ಲರೂ ಅವನ್ನು ಪೂರ್ತಿ ಒತ್ತುತ್ತಾರೆ. ಯೂಸುಫ್ ಮಾಸ್ತರರು ಅರ್ಧ ಒತ್ತಿ, ಕಾಲು ಒತ್ತಿ, ಒಂದು ಸ್ವರದಿಂದ ಇನ್ನೊಂದಕ್ಕೆ ಹಾಡುವ ಗಂಟಲಿನ ಹಾಗೆ ಜಾರುತ್ತಿದ್ದರು.

“ಮದಿವಿ ಮೆರವಣಿಗ್ಯಾಗ ಕೇಳಸಬೇಕು, ಅಷ್ಟ,” ಅನ್ನುತ್ತಿದ್ದ ಮಲ್ಲಪ್ಪ. “ಯೂಸುಫ್ ಮಾಸ್ತರ್ ಛಲೋ ಊದ್ತಾನ, ಖರೆ. ಆದ್ರ ಅದು ಅವನ ಪಕ್ಕದಾಗ ನಿಂತಾವಂಗಷ್ಟ ಗೊತ್ತು.”

“ಪಕ್ಕದಾಗ ನಿಂತು ಕೇಳಬೇಕಂತನ ಜನ ಹತ್ರ ಬರ್ತಾರಲ್ಲೋ,” ಅನ್ನುತ್ತಿದ್ದೆ ನಾನು.

ಸತ್ತಯ್ಯ ಇಬ್ಬರನ್ನೂ ಒಪ್ಪುತ್ತಿರಲಿಲ್ಲ. ನಿಜಾಮರ ಕಾಲದಲ್ಲಿ ತಾನು ಕೇಳಿದ, ಯಾರೂ ಕಾಣದ ಒಬ್ಬ ವಾದಕನನ್ನು ತಂದು ನಿಲ್ಲಿಸುತ್ತಿದ್ದ. ಸತ್ತವರ ಜೊತೆ ಪೈಪೋಟಿ ಹೇಗೆ ಎಂದು ಮಲ್ಲಪ್ಪ ರೇಗುತ್ತಿದ್ದ. ಚಹಾ ಬರುತ್ತಿತ್ತು, ಹೋಗುತ್ತಿತ್ತು. ನನ್ನ ಬದುಕಿನಲ್ಲಿ ನಾನು ಮನಸ್ಸಿಟ್ಟು ಮಾತಾಡಿದ್ದು ಅದೊಂದೇ ವಿಷಯ.

ಊರು ಬದಲಾಗುತ್ತಿದ್ದ ವರ್ಷಗಳವು. ಪಶ್ಚಿಮದ ಬಂಡೆಗುಡ್ಡಗಳನ್ನು ಒಡೆದು ಗಾಜಿನ ಕಟ್ಟಡಗಳು ಎದ್ದವು. ಕಂಪ್ಯೂಟರ್ ಕೆಲಸದವರ ಮದುವೆಗಳು ದೊಡ್ಡವಾದವು. ಬ್ಯಾಂಡಿನ ಜೊತೆಗೆ ಸ್ಪೀಕರುಗಳ ಗಾಡಿಯೂ ಬರತೊಡಗಿತು. ಅಂಥದೊಂದು ಮದುವೆ ದಿಲ್‌ಸುಖ್‌ನಗರದ ಫಂಕ್ಷನ್ ಹಾಲಿನಲ್ಲಿ ಗೊತ್ತಾಯಿತು. ಹೆಣ್ಣಿನ ಕಡೆಯವರು ಯೂಸುಫ್ ಮಾಸ್ತರರನ್ನು ಕರೆದರು, ಗಂಡಿನ ಕಡೆಯವರು ನರ್ಸಿಂಗ್ ಮಾಸ್ತರರನ್ನು. ಎರಡು ಬ್ಯಾಂಡುಗಳು ಬಾಗಿಲಲ್ಲಿ ಎದುರಾದರೆ ಒಬ್ಬರಾದ ಮೇಲೆ ಒಬ್ಬರು ಊದುವುದು ವಾಡಿಕೆ. ಇಷ್ಟು ವರ್ಷ ಆ ಇಬ್ಬರೂ ಹಾಗೆ ಎದುರಾಗಿರಲಿಲ್ಲ.

ಮದುವೆಗೆ ಎರಡು ದಿನ ಮುಂಚೆ ಯೂಸುಫ್ ಮಾಸ್ತರರು ಟ್ರಂಪೆಟ್ಟು ತಂದಿಟ್ಟರು. “ಎರಡನೇ ವಾಲ್ವು ಜರಾ ಕೆರೀತೈತಿ, ಶರಣಪ್ಪ. ನುಣ್ಣಗ ಮಾಡಿಕೊಡು.”

ಅದಕ್ಕೆ ಉಜ್ಜುವ ಪೇಸ್ಟು ಹಚ್ಚಿ ವಾಲ್ವನ್ನು ಅದರ ಕೊಳವೆಯೊಳಗೇ ತಿರುಗಿಸಿ ನಯ ಮಾಡಬೇಕು. ಪೇಸ್ಟಿನೊಳಗೆ ಕಣ್ಣಿಗೆ ಕಾಣದ ಮರಳಿನಂಥ ಪುಡಿ ಇರುತ್ತದೆ. ಕೆಲಸವಾದ ಮೇಲೆ ಸೀಮೆಎಣ್ಣೆಯಲ್ಲಿ ತೊಳೆದು, ಸಾಬೂನು ನೀರಿನಲ್ಲಿ ತೊಳೆದು, ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಮತ್ತೆ ಮತ್ತೆ ಒರೆಸಬೇಕು. ಒಂದಿಷ್ಟು ಉಳಿದರೂ ಮೊದಲು ಏನೂ ಗೊತ್ತಾಗುವುದಿಲ್ಲ. ಊದುತ್ತ ಊದುತ್ತ ಎಂಜಲು, ಎಣ್ಣೆ, ಪುಡಿ ಸೇರಿ ಅಂಟಾಗುತ್ತದೆ.

ಆ ಮಧ್ಯಾಹ್ನ ಬೆಂಚು ತುಂಬಿತ್ತು. ಮಲ್ಲಪ್ಪ, “ಶುಕ್ರವಾರ ಫೈಸಲಾ ಆಗೇಬಿಡ್ತದ,” ಎಂದು ಕಾಲು ಅಲ್ಲಾಡಿಸುತ್ತ ಕೂತಿದ್ದ. ನಾನು ಮೂರು ವಾಲ್ವುಗಳನ್ನೂ ಉಜ್ಜಿ, ಒಂದನೆಯದನ್ನು, ಮೂರನೆಯದನ್ನು ತೊಳೆದಿಟ್ಟಿದ್ದೆ. ಎರಡನೆಯದು ಕೈಯಲ್ಲಿತ್ತು. ಮಲ್ಲಪ್ಪನ ಮಾತು ಕೇಳಿ ತಡೆಯಲಾಗಲಿಲ್ಲ. ವಾಲ್ವು ಕೈಯಲ್ಲಿ ಹಿಡಿದೇ ಎದ್ದು ಬಂದು, ಈ ಗುಂಡಿಯನ್ನು ಅರ್ಧಕ್ಕೆ ನಿಲ್ಲಿಸುವ ಬೆರಳು ಈ ದೇಶದಲ್ಲಿ ಇನ್ನೊಂದಿಲ್ಲ ಎಂದು ಅದನ್ನೇ ತೋರಿಸಿ ವಾದ ಮಾಡಿದೆ. ಸತ್ತಯ್ಯ ಕೂಡ ಆ ದಿನ ತಲೆದೂಗಿದ. ಗೆದ್ದ ಖುಷಿಯಲ್ಲಿ ಒಳಗೆ ಹೋಗಿ ವಾಲ್ವಿಗೆ ಎಣ್ಣೆ ಬಿಟ್ಟು ಜೋಡಿಸಿಬಿಟ್ಟೆ. ಸಂಜೆ ಮಾಸ್ತರರು ಬಂದು ಮೂರು ಸಲ ಒತ್ತಿ, ನಾಲ್ಕು ಸ್ವರ ಊದಿ, “ರೇಷ್ಮಿ ಹಂಗ ಆಗೈತಿ,” ಎಂದು ಒಯ್ದರು.

ಶುಕ್ರವಾರ ಬೆಳಿಗ್ಗೆ ಹತ್ತರ ಹೊತ್ತಿಗೆ ನಾವು ಮೂವರೂ ಅಂಗಡಿ ಬಾಗಿಲು ಹಾಕಿ ಅಲ್ಲಿಗೆ ಹೋದೆವು. ಹಾಲಿನ ಬಾಗಿಲಲ್ಲಿ ಎರಡು ಬ್ಯಾಂಡುಗಳು ಎದುರುಬದುರು ನಿಂತಿದ್ದವು. ಬೇರೆ ಬೇರೆ ಬ್ಯಾಂಡಿನವರೂ ಕೇಳಲೆಂದೇ ಬಂದಿದ್ದರು. ನರ್ಸಿಂಗ್ ಮಾಸ್ತರ್ ಮೊದಲು ಊದಿದರು. ಅದು ನಿಜವಾಗಿ ದೊಡ್ಡ ಊದು. ಮೇಲಿನ ಸ್ವರ ಹಿಡಿದು ನಿಂತಾಗ ಬಾಲ್ಕನಿಗಳಿಂದ ಜನ ಇಣುಕಿದರು. ಆಮೇಲೆ ಯೂಸುಫ್ ಮಾಸ್ತರರು ಪಹಾಡಿ ರಾಗದಲ್ಲಿ ಆಲಾಪ ಶುರುಮಾಡಿದರು. ಗದ್ದಲ ತಾನಾಗಿಯೇ ಇಳಿಯಿತು. ಸ್ಪೀಕರಿನ ಗಾಡಿಯವನು ತನ್ನ ಪೆಟ್ಟಿಗೆಯ ಮೇಲೆ ಕೂತು ಕೇಳತೊಡಗಿದ. ಮಲ್ಲಪ್ಪ ನನ್ನ ಕಡೆ ನೋಡಿ ತಲೆಯಾಡಿಸಿದ. ಅವನು ಸೋಲೊಪ್ಪುತ್ತಿದ್ದಾನೆ ಅಂತ ನನಗೆ ಗೊತ್ತಾಯಿತು.

ಆಗ ಅವರ ನಡುಬೆರಳು ಕೆಳಗಿಳಿದು ಮೇಲೆ ಬಂತು. ಗುಂಡಿ ಬರಲಿಲ್ಲ.

ಉಗುರಿನಿಂದ ಎತ್ತಿದರು. ಮತ್ತೆ ಒತ್ತಿದರು, ಮತ್ತೆ ಕೂತಿತು. ಸ್ವರ ಒಡೆದು ಏನೋ ಒಂದು ಅಪಸ್ವರ ಬಂತು. ಎಳೆಯರು ಯಾರೋ ನಕ್ಕರು. ಮೂರನೆಯ ಸಲವೂ ಹಾಗೇ ಆದಾಗ ಯೂಸುಫ್ ಮಾಸ್ತರರು ಟ್ರಂಪೆಟ್ಟನ್ನು ಕಂಕುಳಿಗೆ ಸೇರಿಸಿಕೊಂಡು ತಮ್ಮ ಸಾಲಿನ ಹಿಂದಕ್ಕೆ ಹೋಗಿ ನಿಂತರು. ನರ್ಸಿಂಗ್ ಮಾಸ್ತರರ ಬ್ಯಾಂಡು ಎತ್ತಿಕೊಂಡಿತು, ಜನ ಚಪ್ಪಾಳೆ ತಟ್ಟಿದರು. ನನಗೆ ಆ ಕ್ಷಣವೇ ನೆನಪಾಯಿತು, ಎರಡನೆಯದನ್ನು ನಾನು ತೊಳೆದಿರಲಿಲ್ಲ.

ಮರುದಿನ ಅವರು ಅಂಗಡಿಗೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತರು. “ಎರಡನೇದು ಹಿಡೀತು. ನೋಡು ಜರಾ.” ನಾನು ಅವರಿಗೆ ಬೆನ್ನು ಮಾಡಿ ಬಿಚ್ಚಿದೆ. ವಾಲ್ವಿನ ಸುತ್ತ ಕಾಡಿಗೆಯಂಥ ಕಪ್ಪು ಅಂಟು. ನನ್ನ ಅಂಗಿಯ ಅಂಚಿಗೇ ಒರೆಸಿಕೊಂಡೆ. ತಪ್ಪಾಯಿತು ಎಂಬ ಮಾತು ಬಾಯಿಯವರೆಗೆ ಬಂದಿತ್ತು. ಊರಿನ ಎಲ್ಲ ಬ್ಯಾಂಡುಗಳೂ ಕಣ್ಣುಮುಚ್ಚಿ ವಾದ್ಯ ತಂದಿಡುತ್ತಿದ್ದ ಅಂಗಡಿ ಅದು. ಆ ಹೆಸರೊಂದೇ ನನಗಿದ್ದದ್ದು.

“ಏನೂ ಇಲ್ಲ, ಮಾಸ್ತರ್. ವಾಲ್ವು ಛಲೋ ಐತಿ,” ಅಂದೆ.

ಅವರು ಬಹಳ ಹೊತ್ತು ತಮ್ಮ ನಡುಬೆರಳನ್ನು ನೋಡಿಕೊಂಡರು. “ಹಂಗಾದ್ರ ಬೆರಳು. ಸೊಟ್ಟ ಒತ್ತಾಕತ್ತೈತಿ,” ಅಂದರು.

ಅವರ ತಂದೆಗೆ ಕೊನೆಗಾಲದಲ್ಲಿ ಬಲಗೈ ನಡುಗಿ ಸೋತು ಹೋಗಿತ್ತು. ಅದನ್ನು ಅವರೇ ನನಗೆ ಹೇಳಿದ್ದರು. ಅವರ ಮನಸ್ಸಿಗೆ ಏನು ಬಂತೆಂದು ತಿಳಿದೂ ನಾನು ಸುಮ್ಮನಿದ್ದೆ. ಕೆಲಸಕ್ಕೆ ಬರುವವರು ಗಮನಿಸಿ. ವಾಲ್ವು ತೊಳೆಯದಿದ್ದುದು ನನ್ನ ತಪ್ಪು. ಅದು ಯಾರಿಗೂ ಆಗಬಹುದು. ಆಮೇಲೆ ಹೇಳಿದ ಸುಳ್ಳಿಗೆ ತಪ್ಪು ಅನ್ನುವ ಮಾತು ಸಾಲದು.

ಅವರು ಮೂರು ತಿಂಗಳಲ್ಲಿ ಬ್ಯಾಂಡನ್ನು ತಂಗಿಯ ಮಗನಿಗೆ ಬಿಟ್ಟುಕೊಟ್ಟರು. ಮಾದಾಪುರದ ಕಡೆ ಒಂದು ಗಾಜಿನ ಕಟ್ಟಡದ ಗೇಟಿನಲ್ಲಿ ಕಾವಲಿಗೆ ಸೇರಿಕೊಂಡರೆಂದು ಮಲ್ಲಪ್ಪ ಹೇಳಿದ. ನನ್ನ ಅಂಗಡಿಗೆ ಬರುವುದು ನಿಂತಿತು. ಬೆಂಚಿನ ಮೇಲಿನ ವಾದವೂ ಮುಗಿಯಿತು. ಯಾರಾದರೂ ಕೇಳಿದರೆ ಮಲ್ಲಪ್ಪ, “ನರ್ಸಿಂಗ್ ಮಾಸ್ತರ್. ಮುಗೀತಲ್ಲ ಆ ಮಾತು,” ಅನ್ನುತ್ತಿದ್ದ. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನಾನು ತಲೆ ಬಗ್ಗಿಸಿ ಕೆಲಸ ಮಾಡುತ್ತಿದ್ದೆ. ಮಾತಾಡಲು ಇದ್ದ ಒಂದು ವಿಷಯವೂ ಹೋದ ಮೇಲೆ ಬೆಂಚಿನಲ್ಲಿ ಜನ ಇದ್ದರೂ ಇಲ್ಲದ ಹಾಗೆ. ಚಹಾದ ಲೋಟ ಕೊಡುವಾಗ, ತೆಗೆದುಕೊಳ್ಳುವಾಗ ಮಾತ್ರ ಮಾತು. ಸ್ಟೇಷನ್ನಿಗೆ ಹೋಗುವುದನ್ನೂ ಬಿಟ್ಟೆ. ಕನ್ನಡ ಕೇಳಿದರೆ ಅವರ ದನಿಯೇ ನೆನಪಾಗುತ್ತಿತ್ತು.

ಹೀಗೆ ಆರು ವರ್ಷ. ಒಂದು ಮಧ್ಯಾಹ್ನ ಮಲ್ಲಪ್ಪ ಬಂದು ಸಹಜವಾಗಿ ಹೇಳಿದ: “ಯೂಸುಫ್ ಮಾಸ್ತರ್ ಸಿಕ್ಕಿದ್ದ. ಬೆರಳು ತೋರಸಾಕ ದವಾಖಾನಿಗಿ ಹೋಗಿದ್ದನಂತ. ಡಾಕ್ಟರು ಬೆರಳಿಗೆ ಏನೂ ಆಗಿಲ್ಲ ಅಂದ್ರಂತ. ಇಂವ ನಂಬವಲ್ಲ. ಮಾತಾಡಾಕತ್ತಾಗೂ ಬೆರಳ ತಿಕ್ಕಾಕತ್ತಿದ್ದ.”

ಮರುದಿನ ಬೆಳಿಗ್ಗೆ ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋದೆ. ನೀಲಿ ಸಮವಸ್ತ್ರದಲ್ಲಿ ಅವರು ಗೇಟಿನ ಪಕ್ಕ ನಿಂತಿದ್ದರು. ಇನ್ನೂ ಸಣ್ಣಗಾಗಿದ್ದರು. ಕಾರುಗಳು ಒಂದರ ಹಿಂದೊಂದು ಬರುತ್ತಿದ್ದವು, ಅವರು ಅಡ್ಡಕೋಲು ಎತ್ತಿ ಇಳಿಸುತ್ತಿದ್ದರು. ನನ್ನನ್ನು ಕಂಡು ನಕ್ಕರು. “ಏನ್ ಶರಣಪ್ಪ, ಪಾಸ್ ಐತೇನು ಒಳಗ ಹೋಗಾಕ?”

ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಪೇಸ್ಟು, ವಾದ, ಅಂಗಿಯ ಅಂಚು, ಸುಳ್ಳು. ನಡುನಡುವೆ ಕಾರು ಬಂದಾಗ ಅವರು ಕೋಲು ಎತ್ತಿದರು, ಸಲಾಮು ಹೊಡೆದರು, ಮತ್ತೆ ಬಂದು ನಿಂತರು. ಮುಗಿದ ಮೇಲೆ ಬಲಗೈಯನ್ನು ಮುಂದೆ ಚಾಚಿ ನಡುಬೆರಳನ್ನು ಮಡಚಿ ಬಿಡಿಸಿ, ಮಡಚಿ ಬಿಡಿಸಿ ನೋಡಿಕೊಂಡರು.

“ಆರು ವರ್ಷ ಈ ಬೆರಳಿಗೆ ಬೈದೀನಿ,” ಅಂದರು. “ಅನ್ನ ಕಲಸುವಾಗೂ ಬೈದೀನಿ.”

“ತಪ್ಪಾತ್ರಿ, ಮಾಸ್ತರ್.”

“ನನಗ ಒಬ್ಬಂಗ ಹೇಳಿದ್ರ ಆಗಂಗಿಲ್ಲ. ಯಾರ ಮುಂದ ಸೋತೀನಿ, ಅವರ ಮುಂದ ಹೇಳು. ನರ್ಸಿಂಗ್ ಇರಬೇಕು. ಈಗ ಹೋಗು, ಡ್ಯೂಟಿ ಐತಿ.”

ಮದುವೆ ಹಂಗಾಮು ಶುರುವಾಗುವ ಮುಂಚಿನ ಭಾನುವಾರ ಎಲ್ಲ ಬ್ಯಾಂಡಿನವರೂ ವಾದ್ಯಗಳೊಂದಿಗೆ ನನ್ನ ಅಂಗಡಿಗೆ ಬರುವುದು ರೂಢಿ. ಆ ದಿನಕ್ಕೆ ಕಾದೆ. ನರ್ಸಿಂಗ್ ಮಾಸ್ತರರೂ ಬಂದಿದ್ದರು. ಕೆಲಸ ನಿಲ್ಲಿಸಿ ಹೊರಗೆ ಬಂದು, ಎಲ್ಲರಿಗೂ ತಿಳಿಯಲೆಂದು ಉರ್ದುವಿನಲ್ಲಿ ಹೇಳಿದೆ. ನನ್ನ ಉರ್ದು ಅಷ್ಟು ಚೆನ್ನಾಗಿಲ್ಲ. ಮಾತು ಗಿಡ್ಡವಾಯಿತು, ಅದೇ ಒಳ್ಳೆಯದಾಯಿತು.

ಮೊದಲು ಮಾತಾಡಿದವರು ನರ್ಸಿಂಗ್ ಮಾಸ್ತರ್, ತೆಲುಗಿನಲ್ಲಿ: “ಅಂಟೆ ಆ ರೋಜು ನೇನು ಗೆಲವಲೇದನ್ನ ಮಾಟ.” ಹಾಗಾದರೆ ಅವತ್ತು ನಾನು ಗೆಲ್ಲಲಿಲ್ಲ ಅಂತಾಯಿತು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ವಯಸ್ಸಾದ ಮನುಷ್ಯ ತನ್ನ ಮನೆಯಲ್ಲಿದ್ದ ಒಂದು ಸಾಮಾನು ತನ್ನದಲ್ಲ ಎಂದು ತಿಳಿದಾಗ ನೋಡುವಂತೆ ಸುತ್ತ ನೋಡಿದರು. ನನ್ನ ಮೇಜಿನ ಮೇಲೆ ಬಿಚ್ಚಿಟ್ಟಿದ್ದ ತಮ್ಮ ಟ್ರಂಪೆಟ್ಟಿನ ಭಾಗಗಳನ್ನು ಒಂದೊಂದಾಗಿ ವಸ್ತ್ರದಲ್ಲಿ ಸುತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ. ಉಳಿದವರೂ ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಮಲ್ಲಪ್ಪ ಬರುತ್ತಿದ್ದ, ಆದರೆ ಡೋಲಿಗೆ ನನ್ನ ಕೆಲಸ ಬೇಕಿರಲಿಲ್ಲ. “ಹೇಳಬಾರದಿತ್ತು ನೀ,” ಅಂದ ಒಮ್ಮೆ. ಎದ್ದು ಹೊರಡುವಾಗ, “ಮೊದಲ ಹೇಳಬೇಕಿತ್ತು,” ಅಂದ.

ಎರಡು ತಿಂಗಳ ನಂತರ ಯೂಸುಫ್ ಮಾಸ್ತರರು ಸಮವಸ್ತ್ರದಲ್ಲೇ ಬಂದರು. ಕೈಯಲ್ಲಿ ಹಳೆಯ ಪೆಟ್ಟಿಗೆ. ಮೂರು ವಾಲ್ವುಗಳೂ ವರ್ಷಗಳಿಂದ ಕಚ್ಚಿ ಕೂತಿದ್ದವು. “ಬಿಟ್ಟು ಹೋಗ್ರಿ, ನಾಳಿಗಿ ಕೊಡ್ತೀನಿ,” ಅಂದೆ. “ಬ್ಯಾಡ. ನನ್ನ ಮುಂದ ಮಾಡು,” ಎಂದು ಸ್ಟೂಲನ್ನು ನನ್ನ ಮಗ್ಗುಲಿಗೆ ಎಳೆದುಕೊಂಡರು. ನಾನು ತೊಳೆದು ಒರೆಸಿದೆ. ಬಟ್ಟೆಯನ್ನು ಅವರು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಚಹಾ ತರಿಸಿದೆ, ಮುಟ್ಟಲಿಲ್ಲ. ಜೋಡಿಸಿಕೊಟ್ಟಾಗ ಬಾಯಿಗಿಟ್ಟು ಒಂದು ಉದ್ದ ಸ್ವರ ಊದಿದರು. ಅದು ಬಿರುಕುಬಿಟ್ಟು ಗಾಳಿಯಾಗಿ ಹೋಯಿತು.

“ತುಟಿ ಹೋಗೈತಿ,” ಅಂದರು.

“ದಿನಾ ಊದಿದ್ರ ಬರ್ತೈತ್ರಿ.”

ಅವರು ಪೆಟ್ಟಿಗೆ ಮುಚ್ಚಿಕೊಂಡು ಹೊರಟರು.

ಅಂಗಡಿ ಮುಚ್ಚಿದ ಮೇಲೆ ಈಗ ನಾನು ದಿಲ್‌ಸುಖ್‌ನಗರದ ಒಂದು ಕೋಣೆಯಲ್ಲಿದ್ದೇನೆ. ಸತ್ತಯ್ಯ ತೀರಿಹೋದ. ಮಲ್ಲಪ್ಪ ಡೋಲು ಮಾರಿ ಊರಿಗೆ ಹೋದ. ಯಾರು ದೊಡ್ಡವರು ಎಂದು ಈಗ ನನ್ನನ್ನು ಕೇಳುವವರಿಲ್ಲ. ಕೇಳಿದರೆ ಯೂಸುಫ್ ಮಾಸ್ತರ್ ಅನ್ನುತ್ತೇನೆ. ಪಾಪದ ಭಾರದಿಂದ ಹಾಗನ್ನುತ್ತಾನೆ ಎಂದು ಕೆಲವರು ಹೇಳಿಯಾರು. ಇರಬಹುದು.

ರಜೆಯ ದಿನ ಬೆಳಿಗ್ಗೆ ಅವರು ಕಾಚಿಗೂಡದ ತಮ್ಮ ಮನೆಯ ಮಾಳಿಗೆಯ ಮೇಲೆ ಊದುತ್ತಾರೆಂದು ಗೊತ್ತಾಯಿತು. ಬಸ್ಸು ಹಿಡಿದು ಹೋಗಿ ಗಲ್ಲಿಯಲ್ಲಿ ಗೋಡೆಗೆ ಒರಗಿ ನಿಲ್ಲುತ್ತೇನೆ. ಹಾಡಲ್ಲ, ಬರೀ ಉದ್ದ ಸ್ವರಗಳು. ಕೆಲವು ಒಡೆಯುತ್ತವೆ, ಕೆಲವು ನಿಲ್ಲುತ್ತವೆ. ಮುಗಿಯುವವರೆಗೆ ಕೇಳಿ ವಾಪಸು ಬರುತ್ತೇನೆ. ಹೋದ ತಿಂಗಳು ಒಮ್ಮೆ ಊದುತ್ತಲೇ ಮಾಳಿಗೆಯ ಅಂಚಿಗೆ ಬಂದು ಕೆಳಗೆ ನೋಡಿದರು. ನಾನು ನಿಂತಿರುವುದು ಅವರಿಗೆ ಕಂಡಿತು. ಮೇಲೆ ಬಾ ಅನ್ನಲಿಲ್ಲ. ಊದುವುದನ್ನು ನಿಲ್ಲಿಸಲೂ ಇಲ್ಲ.